ಪರದೆಯ ಹಿಂದಿನ ಸಂಸಾರ

ರಾಯಚೂರಿನಲ್ಲಿ ಓಣಿಗಳಿಗೇನೂ ಕಡಿಮೆಯಿಲ್ಲ. ಆದರೆ ಸ್ಟೇಷನ್ನಿನ ಆಚೆಗಿರುವ ನಮ್ಮ ಓಣಿಯಂಥದ್ದು ಇನ್ನೊಂದಿಲ್ಲವೆಂದು ನಾನು ಎದೆ ತಟ್ಟಿ ಹೇಳುತ್ತೇನೆ. ತಕರಾರಿದ್ದವರು ಬಂದು ನನ್ನನ್ನೇ ಕೇಳಬಹುದು. ನಾನು ದರ್ಜಿ ಮಲ್ಲಯ್ಯ. ಮನೆಯ ಮುಂದಿನ ಪಡಸಾಲೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಕೂತಿರುತ್ತೇನೆ. ಓಣಿಗೆ ಬರುವ ನಾಯಿಯೂ ನನ್ನ ಕಣ್ಣು ತಪ್ಪಿಸಿ ಬರುವುದಿಲ್ಲ.

ಇಂಥ ಓಣಿಯಲ್ಲೂ ಮೊದಮೊದಲು ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಆಗ ದೊಡ್ಡ ಲಡಾಯಿ ನಡೆದಿತ್ತು, ನಿಜಾಮರ ಸರ್ಕಾರವಿತ್ತು, ಓಣಿ ಹೊಸದಾಗಿ ಎದ್ದಿತ್ತು. ಒಬ್ಬರು ಮಾನ್ವಿಯಿಂದ ಬಂದವರು, ಒಬ್ಬರು ಯರಗೇರಿಯಿಂದ. ಕಾಲ ಸುಧಾರಿಸಿದೆ, ಪಟ್ಟಣದಲ್ಲಿ ಬಾಗಿಲು ಹಾಕಿಕೊಂಡು ಇರುವುದೇ ದೊಡ್ಡಸ್ತಿಕೆ ಎಂದು ಎಲ್ಲರೂ ನಂಬಿದ್ದೆವು. ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದರೆ ನಾವು ಈ ಕಡೆ ಅದಕ್ಕಿಂತ ಜೋರಾಗಿ ಕೆಮ್ಮಿ ಸುಮ್ಮನಾಗುತ್ತಿದ್ದೆವು. ಪರಿಚಯವೆಂದರೆ ಅಷ್ಟೇ.

ನನ್ನ ಮನೆಯ ಎದುರಿಗೆ ಸಾಲಾಗಿ ಮೂರು ಮನೆ. ಮೂರೂ ಅಬ್ದುಲ್ ವಹೀದ್ ಸಾಹೇಬರವು. ಸಾಹೇಬರು ಅದಾಲತ್ತಿನಲ್ಲಿ ಕಾಗದಪತ್ರ ನೋಡುವ ಪೇಷ್ಕಾರರಾಗಿದ್ದು ಪೆನ್ಷನ್ ತಗೊಂಡವರು. ಕಚೇರಿ ಬಿಟ್ಟಿದ್ದರೂ ಕಾಯ್ದೆ ಬಿಟ್ಟಿರಲಿಲ್ಲ. ಬಲಗಡೆಯ ಮನೆಯಲ್ಲಿ ತಾವೂ ಹೆಂಡತಿ ಮುನವ್ವರ್ ಬೀಯೂ ಇದ್ದರು. ಎಡಗಡೆಯದರಲ್ಲಿ ಪೊಲೀಸ್ ಜಮೇದಾರ ಹನುಮಂತ್ರಾಯ, ಅವನ ಹೆಂಡತಿ ಮಾನ್ವಿಯ ಗೋಪಮ್ಮ. ನಡುವಿನ ಮನೆ ಖಾಲಿ ಬಿದ್ದಿತ್ತು. ಅದಕ್ಕೇ ಬಂದದ್ದು ನಮ್ಮ ಯಂಕೋಬ.

"ಹೆಸರೇನು?" ಎಂದರು ಸಾಹೇಬರು.

"ಯಂಕೋಬ ಅಂತಾರ್ರಿ. ದೇವದುರ್ಗದಾಂವ. ಹತ್ತಿ ಮಿಲ್ಲಿನಾಗ ತೂಕದ ಮುನ್ಷಿ ಅದೀನ್ರಿ."

"ಸಂಸಾರ ಅದ ಏನು? ಒಂಟಿ ಆಳಿಗೆ ನಾನು ಮನಿ ಕೊಡಂಗಿಲ್ಲ. ಅದು ನನ್ನ ಕಾಯ್ದೆ."

"ಅದ್ರಿ ಸಾಹೇಬ್ರ. ಛಲೋ ಸಂಸಾರ ಅದ್ರಿ."

ಸಂಸಾರ ಇದ್ದದ್ದು ನಿಜ. ಆದರೆ ಅದು ದೇವದುರ್ಗದಲ್ಲಿತ್ತು. ಹೆಂಡತಿ ಅಯ್ಯಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಎಡಗಡಿ ಯಾರು, ಬಲಗಡಿ ಯಾರು ಅನ್ನೋದು ಗೊತ್ತಿಲ್ಲದ ಓಣ್ಯಾಗ ನಾ ಕಾಲು ಇಡಂಗಿಲ್ಲ. ಮದ್ಲು ಮಂದಿ ಗುರ್ತು ಮಾಡ್ಕೊ, ಆಮ್ಯಾಲ ಕರಿ." ಮನೆ ಸಿಗಬೇಕಾದರೆ ಹೆಂಡತಿ ಬೇಕು. ಹೆಂಡತಿ ಬರಬೇಕಾದರೆ ನೆರೆಹೊರೆ ಬೇಕು. ನೆರೆಹೊರೆ ಬೇಕಾದರೆ ಮನೆ ಬೇಕು. ಈ ಲೆಕ್ಕ ಯಂಕೋಬನ ತಲೆಗೆ ಹತ್ತಲಿಲ್ಲ. ಹತ್ತದಿದ್ದಾಗ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಅವನೂ ಮಾಡಿದ. ನನ್ನ ಹತ್ತಿರ ಬಂದು ಬಾಗಿಲಿಗೊಂದು ಪರದೆ ಹೊಲಿಸಿದ.

ಪರದೆ ನಾನೇ ಹೊಲಿದದ್ದು, ಹೊಗಳಿಕೊಳ್ಳಬಾರದು, ಆದರೆ ಈಚೆಯಿಂದ ಒಂದು ಎಳೆ ಬೆಳಕೂ ಆಚೆ ಹೋಗುತ್ತಿರಲಿಲ್ಲ. ಮರುದಿನದಿಂದ ಯಂಕೋಬ ಪರದೆಗೆ ಮುಖ ಮಾಡಿ ಮಾತಾಡಲು ಶುರುಮಾಡಿದ. "ಏ, ಬಾಗಿಲಾ ಹಾಕ್ಕೊ, ನಾ ಮಿಲ್ಲಿಗಿ ಹೋಗಿ ಬರ್ತೀನಿ" ಎಂದು ಓಣಿಗೆಲ್ಲಾ ಕೇಳುವಂತೆ ಕೂಗಿ ಹೋಗುತ್ತಿದ್ದ. ಆಮೇಲೆ ಅತ್ತಿತ್ತ ನೋಡಿ ಹೊರಗಿನಿಂದ ಕೀಲಿ ಹಾಕುತ್ತಿದ್ದ. ಟ್ರಂಕಿನಲ್ಲಿದ್ದ ಅಯ್ಯಮ್ಮನ ಹಸಿರು ಸೀರೆಯನ್ನು ತಾನೇ ತೊಯ್ಸಿ ದಿನಾ ಹಿತ್ತಲಿನ ಹಗ್ಗಕ್ಕೆ ಹಾಕುತ್ತಿದ್ದ. ಒಳಗೊಬ್ಬ ಹೆಣ್ಣುಮಗಳಿದ್ದಾಳೆ, ಬಲು ಗೋಷಾದವಳು, ದನಿ ಸಹ ಹೊರಗೆ ಬೀಳಗೊಡಳು ಎಂದು ಓಣಿ ನಂಬಿತು, ನಾನೂ ನಂಬಿದೆ; ಒಳಗಿನ ಸಂಗತಿ ನನಗೆ ತಿಳಿದದ್ದು ಆಮೇಲೆ. ಗೋಷಾ ಹೆಣ್ಣುಮಗಳನ್ನು ನೋಡಬೇಕೆಂದು ಯಾರೂ ಕೇಳುವ ಹಾಗಿರಲಿಲ್ಲ. ನಮ್ಮ ಕಡೆ ಅದು ಮರ್ಯಾದೆಯಲ್ಲ.

ಯಂಕೋಬನ ಹಣೆಬರಹ, ಆಗಲೇ ರಂಜಾನ್ ಹಬ್ಬ ಬಂತು. ಹಿತ್ತಲಿನ ಗೋಡೆಯ ಆಚೆಯಿಂದ ಮುನವ್ವರ್ ಬೀಯ ದನಿ ಕೇಳಿತು. "ಬಾಯೀ, ಬಟ್ಟಲಾ ತಗೊಳ್ರಿ. ಸೇವಿಗಿ ಪಾಯಸ ಅದ."

ಗೋಡೆ ಆಳುದ್ದ. ಈಚೆಯವರ ಕೈಯಷ್ಟೇ ಆಚೆಯವರಿಗೆ ಕಾಣುತ್ತದೆ, ಬೇರೆ ಏನೂ ಇಲ್ಲ. ಆದರೆ ಗಂಡಸಿನ ಬೋಳು ಕೈ ಗೋಡೆ ಮೇಲೆ ಬಂದರೆ ಗತಿಯೇನು? ಯಂಕೋಬ ಕಂಬಳಿ ಹೊದ್ದು ಮೂಲೆಯಲ್ಲಿ ಕೂತ. ಮುನವ್ವರ್ ಬೀ ಬಟ್ಟಲನ್ನು ಗೋಡೆಯ ಮೇಲಿಟ್ಟು ಹೋದಮೇಲೆಯೇ ಎದ್ದ. ಅವತ್ತೇ ಸಂಜೆ ಬಳೆಗಾರನ ಅಂಗಡಿಗೆ ಹೋದ.

"ಯಾರಿಗ್ರಿ? ಅಳತಿ?" ಎಂದ ಬಳೆಗಾರ.

"ನಮ್ಮ ಮನಿಯಾಕಿಗಿ. ಅಳತಿ..." ಯಂಕೋಬ ತನ್ನ ಕೈಯನ್ನೇ ಮುಂದೆ ಚಾಚಿ, "ಇಷ್ಟ ಇರಬೇಕ್ರಿ" ಎಂದ.

ಬಳೆಗಾರ ಆ ಕೈಯನ್ನು ನೋಡಿ, ಯಂಕೋಬನನ್ನು ನೋಡಿ, "ಭಾಳ ಗಟ್ಟಿ ಸಂಸಾರ ಬಿಡ್ರಿ" ಎಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಳೆ ಹುಡುಕಿ ಕೊಟ್ಟ.

ಬಳೆ ಆಯಿತು. ಆದರೆ ಬಟ್ಟಲು? ನಮ್ಮ ಕಡೆ ಒಂದು ರೀತಿ ಇದೆ. ನೆರೆಮನೆಯಿಂದ ಬಂದ ಬಟ್ಟಲನ್ನು ಬರಿದು ಮಾಡಿ ವಾಪಸು ಕೊಡುವುದಿಲ್ಲ. ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ದೇವದುರ್ಗದವನಾಗಿ ಬರಿ ಬಟ್ಟಲು ಕಳಿಸಿದ ಎಂದು ಯಾರಾದರೂ ಅಂದರೆ ಯಂಕೋಬ ಊರಿಗೆ ಮುಖ ತೋರಿಸುವ ಹಾಗಿರಲಿಲ್ಲ. ಲಡಾಯಿಯ ಕಾಲದಲ್ಲಿ ಸಕ್ಕರೆ ಎಲ್ಲಿಂದ ತರಬೇಕು? ಅಡುಗೆಯಲ್ಲಿ ಅವನಿಗೆ ಗೊತ್ತಿದ್ದದ್ದು ಉಣ್ಣುವುದೊಂದೇ.

ಅಷ್ಟರಲ್ಲಿ ಎಡಗಡೆಯ ಗೋಡೆಯಿಂದ ಗೋಪಮ್ಮನ ಬಟ್ಟಲು ಬಂತು. ಅದರಲ್ಲಿ ಗೋದಿ-ಬೆಲ್ಲದ ಮಾದಲಿ. ಯಂಕೋಬ ಎರಡೂ ಬಟ್ಟಲುಗಳನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತ. ಕೊನೆಗೆ ಮಾದಲಿಯನ್ನು ಮುನವ್ವರ್ ಬೀಯ ಬಟ್ಟಲಿಗೂ, ಪಾಯಸವನ್ನು ಗೋಪಮ್ಮನ ಬಟ್ಟಲಿಗೂ ಸುರಿದು, ಬಳೆ ತೊಟ್ಟ ಕೈಯಿಂದ ಒಂದನ್ನು ಬಲಕ್ಕೂ ಒಂದನ್ನು ಎಡಕ್ಕೂ ದಾಟಿಸಿದ. ತಾನು ಬೆರಳು ನೆಕ್ಕಿಕೊಂಡು ಮಲಗಿದ.

ಅಲ್ಲಿಂದ ಶುರುವಾಯಿತು ನೋಡಿ. "ಯವ್ವಾ, ಎಂಥಾ ಪಾಯಸ!" ಎಂದು ಗೋಪಮ್ಮ ಮತ್ತೊಂದು ಬಟ್ಟಲು ಕಳಿಸಿದಳು. ಮಾನ್ವಿಯವಳು ದೇವದುರ್ಗದವಳಿಗೆ ಸೋಲುವುದುಂಟೆ? ಮುನವ್ವರ್ ಬೀ ಮಾದಲಿ ತಿಂದು, ಅದಕ್ಕಿಂತ ದೊಡ್ಡ ಬಟ್ಟಲು ತುಂಬಿದಳು. ಸುದ್ದಿ ಕೇಳಿ ನನ್ನ ಹೆಂಡತಿ ಮಾನಮ್ಮನೂ ಪುಂಡಿಪಲ್ಯ ಮಾಡಿ ಯಂಕೋಬನ ಮನೆಯ ಹಿಂದಿನಿಂದ ಹೋಗಿ ಹಿತ್ತಲಿನ ಗೋಡೆ ಮೇಲಿಟ್ಟು ಬಂದಳು. ಯಂಕೋಬ ಇವರದನ್ನು ಅವರಿಗೆ, ಅವರದನ್ನು ಇವರಿಗೆ ತಿರುಗಿಸುತ್ತಲೇ ಇದ್ದ. ಬಾಡಿನ ಸಾರು ಬಂದರೆ ಮಾತ್ರ ತಾನೇ ಉಣ್ಣುತ್ತಿದ್ದ, ಏಕೆಂದರೆ ಗೋಪಮ್ಮನ ಮನೆಯವರು ಬಾಡು ಮುಟ್ಟುವುದಿಲ್ಲ. ಸುಳ್ಳುಗಾರ ನಿಜ, ಆದರೆ ಅಷ್ಟು ನಿಯತ್ತು ಇತ್ತು.

ಓಣಿಯ ಗಂಡಸರ ಪಾಡು ಕೇಳಬೇಡಿ. ಜಮೇದಾರ ಹನುಮಂತ್ರಾಯ ಹೆಂಡತಿಗೆ, "ಯಂಕೋಬನ ಹೆಂಡ್ತಿನ್ನ ನೋಡಿ ಕಲಿ. ಒಂದು ಮಾತಾದ್ರೂ ಹೊರಗ ಕೇಳ್ತದ ಏನು?" ಎಂದು ಅವತ್ತೆಲ್ಲಾ ಉಪವಾಸ ಬಿದ್ದ. ನಮ್ಮನೆಯಲ್ಲೂ ಒಂದಿನ ಆ ಮನೆಯಿಂದ ಪುಂಡಿಪಲ್ಯ ಬಂತು. ಮಾನಮ್ಮ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಏನ್ ಕೈ ಅದ ಆಕಿದು! ನಾ ಹುಟ್ಟಿದಾಗಿಂದ ಪುಂಡಿಪಲ್ಯ ಮಾಡಾಕತ್ತೀನಿ, ಈ ರುಚಿ ನನಗ ಬರಂಗಿಲ್ಲ." ನಾನೂ ಉಂಡು, "ಹೌದು, ನಿನಗ ಬರಂಗಿಲ್ಲ" ಎಂದೆ. ನಾನೂ ಉಪವಾಸ ಬಿದ್ದೆ.

ಹೆಂಗಸರಿಗೆ ಆ ಕಾಣದ ಹೆಣ್ಣುಮಗಳ ಮೇಲೆ ಜೀವ. ಅವಳ ವಿಷಯ ಮಾತಾಡಲೆಂದೇ ಗೋಪಮ್ಮನೂ ಮಾನಮ್ಮನೂ ಮೊದಲ ಸಲ ಮುನವ್ವರ್ ಬೀಯ ಮನೆಗೆ ಹೋಗಿ ಕೂತರು.

"ದಿನಾ ಅದೇ ಹಸರು ಸೀರಿ ಒಣಗಾಕತ್ತದ. ಪಾಪ, ಒಂದ ಸೀರಿ ಅದ ಕಾಣ್ತದ" ಎಂದಳು ಗೋಪಮ್ಮ.

"ಕೈ ನೋಡೀರಿ ಏನು? ಎಷ್ಟು ಒರಟ ಆಗ್ಯಾವ! ಮೈ ಮುರದು ದುಡಿತಾಳ. ಆ ಗಂಡ ಆಕಿನ್ನ ಒಳಗ ಹಾಕಿ ಕೀಲಿ ಜಡದು ಹೋಗ್ತಾನ" ಎಂದು ಮುನವ್ವರ್ ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಕಿಗಿ ಯಾರೂ ಇಲ್ಲ ಅಂತ ತಿಳ್ಕೊಂಡಾನ ಏನಂವ? ನಾವು ಅದೀವಿ" ಎಂದಳು ನನ್ನ ಹೆಂಡತಿ. ಮೂವರೂ ಕೈಗೆ ಕೈ ಹಾಕಿ ಮಾತು ಕೊಟ್ಟರು.

ಇದೊಂದೂ ಗೊತ್ತಿಲ್ಲದ ಯಂಕೋಬ ದೇವದುರ್ಗಕ್ಕೆ ಹೋಗುವ ಮೋಟರಿನ ಡ್ರೈವರನ ಬಾಯಲ್ಲಿ ಸುದ್ದಿ ಕಳಿಸಿದ: ಎಡಗಡೆ, ಬಲಗಡೆ, ಎದುರಿಗೆ ಎಲ್ಲರೂ ಗುರುತಾಗಿದ್ದಾರೆ, ಮನೆಯವರ ಹಾಗೆ ಇದ್ದಾರೆ, ಇನ್ನು ಬಾ. ಅಳಿಯನ ಮಾತನ್ನು ಮಾವ ಬೂದೆಪ್ಪ ಎಂದೂ ಪೂರಾ ನಂಬಿದವನಲ್ಲ. "ನಡಿಯವ್ವಾ, ಹೇಳದ ಕೇಳದ ಹೋಗಿ ನೋಡಮು. ಸುಳ್ಳಾದ್ರ ಅದೇ ಮೋಟರಿನಾಗ ವಾಪಸ್ ಬರಮು" ಎಂದು ಮಗಳನ್ನು ಕರಕೊಂಡು ಹೊರಟೇಬಿಟ್ಟ.

ಮಟಮಟ ಮಧ್ಯಾಹ್ನ. ಯಂಕೋಬ ಮಿಲ್ಲಿನಲ್ಲಿದ್ದ. ಓಣಿಯಲ್ಲಿ ಟಾಂಗಾ ನಿಂತಿತು. ದೊಡ್ಡ ರುಮಾಲಿನ ಮುದುಕನೊಬ್ಬ ಕೋಲು ಊರಿಕೊಂಡು ಇಳಿದ. ಹಿಂದೆ ಗಟ್ಟಿಮುಟ್ಟಾದ ಹೆಣ್ಣುಮಗಳೊಬ್ಬಳು, ತಲೆ ಮೇಲೆ ಗಂಟು.

"ಯಂಕೋಬನ ಮನಿ ಯಾವುದ್ರಿ ಯಣ್ಣಾ?" ಎಂದಳು ನನ್ನನ್ನು.

"ಅಗಾ ಪರದಿ ಮನಿ. ನೀವು ಯಾರವ್ವಾ?"

"ನಾನಾ? ನಾ ಆತನ ಹೆಂಡ್ತಿ."

ನನ್ನ ಮಷೀನು ನಿಂತಿತು. ದಾರ ಕಡಿಯಿತು. ಒಳಗಿದ್ದ ಮಾನಮ್ಮನಿಗೆ ಅದು ಹೇಗೆ ಕೇಳಿತೋ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಗೋಪಮ್ಮಾ! ಬಾರೇ! ಅಂವ ಇನ್ನೊಬ್ಬಾಕಿನ್ನ ಮಾಡ್ಕೊಂಡಾನ!"

ಗೋಪಮ್ಮ ಹಾರಿ ಬಂದು ಪರದೆಯ ಮುಂದೆ ಕೈ ಅಗಲ ಮಾಡಿ ನಿಂತಳು. "ಮುಂದ ಹೆಜ್ಜಿ ಇಟ್ಟೀ ಅಂದ್ರ ನೋಡು! ಒಳಗ ಬಂಗಾರದಂಥಾ ಹೆಣ್ಮಗಳು ಅದಾಳ. ಆಕಿ ಮ್ಯಾಲ ಸವತಿ ಬರಾಕ ನಾವು ಬಿಡಂಗಿಲ್ಲ."

"ಸವತಿ? ನಾ ಸವತಿ?" ಅಯ್ಯಮ್ಮ ಗಂಟನ್ನು ಧೊಪ್ಪನೆ ಕೆಳಗೆ ಹಾಕಿದಳು. "ಒಳಗಿರಾಕಿ ಯಾವಾಕಿ? ಹೊರಗ ಬಾ ಅನ್ರಿ ಆಕಿಗಿ!"

"ಆಕಿ ನಿನ್ನಂಗ ಬೀದಿಗಿ ಬರಾಕಿ ಅಲ್ಲ!" ಎಂದಳು ಮಾನಮ್ಮ.

ಆಗ ಬಲಗಡೆಯ ಬಾಗಿಲು ತೆರೆಯಿತು. ಮುನವ್ವರ್ ಬೀ ಬುರ್ಖಾ ಹಾಕಿಕೊಂಡು, ಬಂದಾಗಿನಿಂದ ಮೊದಲ ಸಲ, ಬೀದಿಗೆ ಇಳಿದಳು. ಸೀದಾ ಬಂದು ಗೋಪಮ್ಮನ ಪಕ್ಕ ನಿಂತಳು. ಆ ಸಾಲನ್ನು ದಾಟಿ ಹೋಗಲು ಫೌಜಿಗೂ ಆಗುತ್ತಿರಲಿಲ್ಲ. ನಾನು ಕತ್ತರಿ ಹಿಡಿದು ಹಿಂದೆ ನಿಂತೆ, ಯಾಕೆಂದು ನನಗೂ ಗೊತ್ತಿಲ್ಲ.

ಯಾರೋ ಮಿಲ್ಲಿಗೆ ಓಡಿದರು. ಯಂಕೋಬ ತಲೆಯ ತುಂಬ ಅರಳೆ ಅಂಟಿಸಿಕೊಂಡು ಓಡಿ ಬಂದ. ಅಷ್ಟೊತ್ತಿಗೆ ವಹೀದ್ ಸಾಹೇಬರು ಟೋಪಿ ಇಟ್ಟುಕೊಂಡು, ಹನುಮಂತ್ರಾಯ ಬೆಲ್ಟು ಬಿಗಿದುಕೊಂಡು, ಇಬ್ಬರೂ ಅದಾಲತ್ ನಡೆಸಲು ತಯಾರಾಗಿದ್ದರು.

"ನಿನಗ ಹೆಂಡ್ರು ಎಷ್ಟು ಮಂದಿ?" ಎಂದ ಹನುಮಂತ್ರಾಯ.

"ಒಬ್ಬಾಕಿನೇ ರೀ ಜಮೇದಾರ್ರ."

"ಯಾವಾಕಿ? ತೋರಿಸು."

ಯಂಕೋಬ ಅಯ್ಯಮ್ಮನ ಕಡೆ ಬೆರಳೆತ್ತಿದ. "ಅಯ್ಯೋ ಪಾಪಿ, ಒಳಗಿನಾಕಿನ್ನ ಇಲ್ಲ ಅಂತಾನ!" ಎಂದು ಮೂವರು ಹೆಂಗಸರೂ ಮೈಮೇಲೆ ಬಂದರು. ಬೆದರಿ ಬೆರಳನ್ನು ಪರದೆಯ ಕಡೆ ತಿರುಗಿಸಿದ. ಅಯ್ಯಮ್ಮ ಅಪ್ಪನ ಕೈಯಿಂದ ಕೋಲು ಕಿತ್ತುಕೊಂಡಳು. ಯಂಕೋಬ ಬೆರಳನ್ನು ಆಕಾಶಕ್ಕೆ ಎತ್ತಿ ಹಾಗೇ ನಿಂತುಬಿಟ್ಟ.

"ಒಳಗಿನ ಹೆಣ್ಮಗಳು ಬಂದು ತನ್ನ ಮಾತು ಹೇಳಬೇಕು. ಕಾಯ್ದೆ" ಎಂದರು ಸಾಹೇಬರು. "ಹೆಣ್ಮಕ್ಕಳು ಒಳಗ ಹೋಗಿ ಕರೀರಿ."

ಯಂಕೋಬನ ಕೈಯಿಂದ ಕೀಲಿಕೈ ಕಸಿದುಕೊಂಡು ಮುನವ್ವರ್ ಬೀ, ಗೋಪಮ್ಮ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ಗೋಪಮ್ಮನ ಕೈಯಲ್ಲಿ ಬಟ್ಟಲುಗಳು, ಮುನವ್ವರ್ ಬೀಯ ಕೈಯಲ್ಲಿ ಬಳೆಗಳು.

"ಒಳಗ ಯಾರೂ ಇಲ್ಲ" ಎಂದಳು ಗೋಪಮ್ಮ ಸಣ್ಣ ದನಿಯಲ್ಲಿ.

ಹನುಮಂತ್ರಾಯನ ಮೀಸೆ ನೆಟ್ಟಗಾಯಿತು. ಅವನ ನೌಕರಿಯಲ್ಲಿ ಅದುವರೆಗೆ ಕೋಳಿ ಕಳವು ಬಿಟ್ಟರೆ ಬೇರೆ ಕೇಸು ಬಂದಿರಲಿಲ್ಲ. "ಎಲ್ಲಿ ಹುಗಿದಿ? ಖರೇ ಹೇಳು! ಹಿತ್ತಲದಾಗ ಹುಗಿದೀ ಏನು?"

"ಅಯ್ಯೋ ಯಪ್ಪಾ, ಇಲ್ರೀ!"

ಅಯ್ಯಮ್ಮ ಬಳೆ ಕಿತ್ತುಕೊಂಡು ತನ್ನ ಕೈಗೆ ಹಾಕಿ ನೋಡಿದಳು. ಬಳೆ ಮೊಳಕೈ ದಾಟಿ ತೋಳಿಗೆ ಏರಿತು. "ಯಪ್ಪಾ, ನೋಡಿದೇನು? ಎಂಥಾ ಆನಿನ್ನ ಮಾಡ್ಕೊಂಡಾನ!" ಎಂದು ಗಟ್ಟಿಯಾಗಿ ಅಳತೊಡಗಿದಳು. ಇಷ್ಟೊತ್ತು ಕೋಲು ಹಿಡಿದವಳು ಅಳುವುದನ್ನು ನೋಡಿ ಯಂಕೋಬನ ಜೀವ ತಡೆಯಲಿಲ್ಲ. ಮುಂದೆ ಬಂದು, ಅವಳ ತೋಳಿನಿಂದ ಬಳೆ ಬಿಚ್ಚಿ, ಓಣಿಯ ಎಲ್ಲರೆದುರು ತನ್ನ ಕೈಗೆ ತೊಟ್ಟುಕೊಂಡು, ಗೋಡೆ ಮೇಲೆ ಬಟ್ಟಲು ಇಡುವ ಹಾಗೆ ಕೈ ಮೇಲೆತ್ತಿದ.

"ಯಾ ಅಲ್ಲಾ! ಇದೇ ಕೈ!" ಎಂದಳು ಮುನವ್ವರ್ ಬೀ.

ಆಮೇಲೆ ಯಂಕೋಬ ಎಲ್ಲವನ್ನೂ ಹೇಳಿದ. ಸಂಸಾರವಿಲ್ಲದೆ ಮನೆ ಸಿಗದ್ದು, ನೆರೆಹೊರೆಯಿಲ್ಲದೆ ಹೆಂಡತಿ ಬಾರದ್ದು, ಸೀರೆ ತೊಯ್ಸಿದ್ದು, ಬಟ್ಟಲು ಅದಲುಬದಲು ಮಾಡಿದ್ದು. ಎಲ್ಲ ಕೇಳಿದಮೇಲೆ ಯಾರು ಯಾರ ಮನೆಯದನ್ನು ಉಂಡಿದ್ದಾರೆಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಗೋಪಮ್ಮ ಮುನವ್ವರ್ ಬೀಯ ಕಡೆ ತಿರುಗಿದಳು. "ಆ ಸೇವಿಗಿ ಪಾಯಸ ನಿಮ್ದಾ?"

"ಹೌದವ್ವಾ."

"ಮತ್ತ ಗೋಡಿ ಆಚಿಗಿ ಇದ್ದು ಇಷ್ಟು ದಿನ ಸುಮ್ಕ ಇದ್ರೀ? ನಾಳಿ ಬಂದು ಕಲಿಸಿ ಹೋಗ್ರಿ" ಎಂದಳು ಗೋಪಮ್ಮ. ಮುನವ್ವರ್ ಬೀ, "ಮಾದಲಿ ನೀ ಕಲಿಸಿದ್ರ" ಎಂದಳು. ನನ್ನ ಹೆಂಡತಿ ಮಾತ್ರ ಏನೋ ಯೋಚಿಸುತ್ತಿದ್ದಳು. "ಅಲ್ಲೋ ಯಂಕೋಬ, ಪುಂಡಿಪಲ್ಯ ನಾ ಒಬ್ಬಾಕಿನೇ ಮಾಡೀನಿ. ನಮ್ಮನಿಗಿ ಬಂದದ್ದು ಯಾರದು?"

"ನಿಮ್ದೇ ರೀ ಯಕ್ಕಾ. ಬಟ್ಟಲಾ ಅದಲುಬದಲು ಆತ್ರಿ."

ಮಾನಮ್ಮ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ವಹೀದ್ ಸಾಹೇಬರಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. "ಸುಳ್ಳು ಹೇಳಿ ಮನಿ ತಗೊಂಡೀ. ಒಂಟಿ ಆಳು, ಪರದಿ ಹಾಕಿ ನಮಗೆಲ್ಲಾ ಮೋಸ ಮಾಡೀ. ಇವತ್ತೇ ಖಾಲಿ ಮಾಡು. ಕಾಯ್ದೆ ಅಂದ್ರ ಕಾಯ್ದೆ."

ಬೂದೆಪ್ಪ ಟಾಂಗಾದವನನ್ನು ಕರೆದ. "ನಡಿಯವ್ವಾ. ನಾ ಮದ್ಲೇ ಹೇಳಿದ್ದಿಲ್ಲೇನು? ಮೋಟರ್ ಇನ್ನಾ ಹೋಗಿಲ್ಲ."

ಯಂಕೋಬ ಬಳೆ ತೊಟ್ಟ ಕೈಯನ್ನು ಕೆಳಗಿಳಿಸಿದ. ಮನೆಯೂ ಹೋಯಿತು, ಹೆಂಡತಿಯೂ ಹೋದಳು ಎಂದು ಅವನ ಮುಖದಲ್ಲೇ ಬರೆದಿತ್ತು. ಆದರೆ ಅಯ್ಯಮ್ಮ ಜಾಗ ಬಿಟ್ಟು ಕದಲಲಿಲ್ಲ. ಕಣ್ಣೊರೆಸಿಕೊಂಡು ಆ ಮೂವರು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಯಕ್ಕಾ, ನೀವು ನನ್ನ ಮಾರಿ ನೋಡಿದ್ದಿಲ್ಲ. ನನ್ನ ದನಿ ಕೇಳಿದ್ದಿಲ್ಲ. ನನ್ನ ಸಲುವಾಗಿ ನನ್ನ ಕೂಡನೇ ಜಗಳಾ ಮಾಡಿದ್ರಿ" ಎಂದಳು. "ನನ್ನ ಒಡಹುಟ್ಟಿದವ್ರೂ ಹಿಂಗ ನಿಂತಿಲ್ಲ. ಯಪ್ಪಾ, ನೀ ಹೋಗು. ನಾ ಬರಂಗಿಲ್ಲ."

"ಮನಿ ಎಲ್ಲದವ್ವಾ ಇರಾಕ?" ಎಂದ ಬೂದೆಪ್ಪ.

ಮುನವ್ವರ್ ಬೀ ಬುರ್ಖಾದ ಒಳಗಿನಿಂದಲೇ ಗಂಡನನ್ನು ಕೇಳಿದಳು. "ಸಂಸಾರ ಇದ್ದವ್ರಿಗಿ ಮನಿ ಅಂತ ಅಲ್ಲೇನು ನಿಮ್ಮ ಕಾಯ್ದೆ? ಸಂಸಾರ ಎದುರಿಗೇ ನಿಂತದ. ಗಂಟು ಸಮೇತ ಬಂದದ."

ಸಾಹೇಬರು ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಟೋಪಿ ಇಟ್ಟುಕೊಂಡರು. ಅದಾಲತ್ತಿನಲ್ಲಿ ಇಷ್ಟು ವರ್ಷ ಕಳೆದವರಿಗೆ ತೀರ್ಪು ಬಂದದ್ದು ತಿಳಿಯದಿರುತ್ತದೆಯೇ? "ಅದೂ ಕಾಯ್ದೆನೇ" ಎಂದು ಒಳಗೆ ಹೋದರು. ನೆಲದ ಮೇಲಿದ್ದ ಗಂಟನ್ನು ಗೋಪಮ್ಮ ಎತ್ತಿಕೊಂಡಳು. ಹೆಂಗಸರು ನಾಲ್ವರೂ ಒಟ್ಟಿಗೇ ಪರದೆ ಸರಿಸಿ ಒಳಗೆ ಹೋದರು. ಯಂಕೋಬನೂ ಹಿಂದೆ ಹೊರಟ. "ನೀ ಎಲ್ಲಿಗಿ? ಹೆಣ್ಮಕ್ಕಳು ಅದೀವಿ" ಎಂದು ಅವನನ್ನು ಹೊರಗೇ ನಿಲ್ಲಿಸಿದರು. ಅವನು ನನ್ನ ಕಟ್ಟೆಯ ಮೇಲೆ ಬಂದು ಕೂತ. ಆ ಮುಖದ ಜಂಬ ನೋಡಬೇಕಿತ್ತು. ಬಳೆ ತೆಗೆಯುವುದನ್ನೂ ಮರೆತಿದ್ದ.

ಬೂದೆಪ್ಪ ಹೊರಡುವ ಹೊತ್ತಾಯಿತು. ಹೊರಗಿನಿಂದಲೇ ಮಗಳನ್ನು ಕೂಗಿದ. "ಹೋಗಿ ಬಾ ಯಪ್ಪಾ, ನಾವು ಮಾತಾಡಾಕತ್ತೀವಿ" ಎಂದು ಒಳಗಿನಿಂದ ದನಿ ಬಂತು, ಹಿಂದೆಯೇ ನಾಲ್ವರ ನಗುವೂ ಬಂತು. ಮುದುಕ ಸ್ವಲ್ಪ ಹೊತ್ತು ಆ ನಗುವನ್ನು ಕೇಳುತ್ತಾ ನಿಂತ. ಆಮೇಲೆ ರುಮಾಲು ಸರಿಮಾಡಿಕೊಂಡು ಟಾಂಗಾ ಹತ್ತಿದ.

ಇಷ್ಟೆಲ್ಲಾ ನೋಡಿ ನಿಂತಿದ್ದ ಟಾಂಗಾದವನಿಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. "ಯಜಮಾನ್ರ, ನಿಮ್ಮ ಅಳಿಯ ಭಾರಿ ಸುಳ್ಳ ಬಿಡ್ರಿ" ಎಂದ.

"ಸುಳ್ಳನೇ" ಎಂದ ಬೂದೆಪ್ಪ, ಓಣಿಗೆಲ್ಲಾ ಕೇಳುವಂತೆ. "ಆದ್ರ ಅಂವ ಹೇಳಿದ ಸುಳ್ಳಿನಾಗೂ ನನ್ನ ಮಗಳು ಎಂಥಾ ಮನಿಯಾಕಿ ಆಗಿದ್ಲು, ನೋಡಿದೇನು?"